ಎಳನೀರೋ, ಕೊಬ್ಬರಿಯೋ? ಗೋ ಆಟದಲ್ಲಿ ಸ್ವಂತ ಶೈಲಿಯ ಪ್ರಶ್ನೆ

ಪ್ರಶ್ನೆ: ಸರ್, ನಾನು ತಿಪಟೂರಿನವನು, ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮೂರು ವರ್ಷದಿಂದ ಗೋ ಆಡುತ್ತಿದ್ದೇನೆ. ಭಾನುವಾರ ಭಾವನ ಜೊತೆ, ರಾತ್ರಿ ಹೊತ್ತು ಮೊಬೈಲಿನಲ್ಲಿ. ಹತ್ತು ಕ್ಯೂ ಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಟ್ಟಿದ್ದೇನೆ. ಜಪಾನಿನ ತಾಕೆಮಿಯ ಮಸಾಕಿ ಅವರ ಆಟಗಳನ್ನು ನೋಡಿ ಮರುಳಾದವನು ನಾನು. ಕಪ್ಪು ಕಾಯಿ ಬಂದಾಗಲೆಲ್ಲ ಬಲಬದಿಯ ಮೂರೂ ನಕ್ಷತ್ರ ಬಿಂದುಗಳಲ್ಲಿ ಕಾಯಿ ಇಟ್ಟು ನಡುವಿನಲ್ಲಿ ದೊಡ್ಡ ಬಯಲು ಕಟ್ಟಲು ನೋಡುತ್ತೇನೆ. ಅದೇ ನನ್ನ ಶೈಲಿ ಎಂದುಕೊಂಡಿದ್ದೆ. ಒಂದು ಕಾಯಿಯನ್ನೂ ಬಿಟ್ಟುಕೊಡದೆ ಆಡುವ ಭಾವ ಮಾತ್ರ 'ನಿನ್ನದು ಶೈಲಿಯಲ್ಲ, ಶೋಕಿ' ಎನ್ನುತ್ತಾರೆ. ಆಟ ಮುಗಿದ ಮೇಲೆ ಕಂಪ್ಯೂಟರಿಗೆ ಹಾಕಿದರೆ ಅದು ನನ್ನ ಅರ್ಧಕ್ಕರ್ಧ ನಡೆಗಳಿಗೆ ಕೆಂಪು ಗುರುತು ಹಾಕುತ್ತದೆ. ಯಂತ್ರ ತೋರಿಸಿದ್ದನ್ನೇ ಎಲ್ಲರೂ ಆಡುವ ಈ ಕಾಲದಲ್ಲಿ ಸ್ವಂತ ಶೈಲಿಗೆ ಅರ್ಥವಿದೆಯೇ? ಇದ್ದರೆ ನನ್ನದು ಯಾವುದೆಂದು ತಿಳಿಯುವುದು ಹೇಗೆ? ಎರಡು ಆಟಗಳ ದಾಖಲೆ ಕಳಿಸಿದ್ದೇನೆ.

ಉತ್ತರ: ನಿಮ್ಮ ಭಾವ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿಯಿದೆ. ಪ್ರಶ್ನೆಯ ಜೀವ ಮಿಕ್ಕ ಕಾಲು ಪಾಲಿನಲ್ಲಿ ಇರುವುದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈ ಆಟ ಕಂಡಿಲ್ಲದ ಓದುಗರಿಗೆ ಮೊದಲು ನಾಲ್ಕು ಮಾತು. ಅಡ್ಡ ಹತ್ತೊಂಬತ್ತು, ಉದ್ದ ಹತ್ತೊಂಬತ್ತು ಗೆರೆ ಎಳೆದ ಹಲಗೆ. ಗೆರೆಗಳು ಕೂಡುವ ಸಂಧಿಗಳು 361. ಅವುಗಳಲ್ಲಿ ಚುಕ್ಕಿ ಇಟ್ಟು ಗುರುತಿಸಿದ ಕೆಲವಕ್ಕೆ ನಕ್ಷತ್ರ ಬಿಂದು ಎಂದು ಹೆಸರು. ಒಬ್ಬರಿಗೆ ಕಪ್ಪು ಕಾಯಿ, ಇನ್ನೊಬ್ಬರಿಗೆ ಬಿಳಿ. ಸರದಿಯಂತೆ ಖಾಲಿ ಸಂಧಿಯಲ್ಲಿ ಒಂದೊಂದೇ ಕಾಯಿ ಇಡಬೇಕು, ಇಟ್ಟ ಮೇಲೆ ಕದಲಿಸುವಂತಿಲ್ಲ. ನಾಲ್ಕೂ ಕಡೆ ಉಸಿರು ಕಟ್ಟಿದ ಕಾಯಿ ಹಲಗೆಯಿಂದ ಹೊರಕ್ಕೆ ಹೋಗುತ್ತದೆ. ಕೊನೆಯಲ್ಲಿ ಹೆಚ್ಚು ಜಾಗಕ್ಕೆ ಬೇಲಿ ಹಾಕಿಕೊಂಡವರು ಗೆದ್ದರು. ಚೀನಾದಲ್ಲಿ ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ ಹುಟ್ಟಿದ ಆಟ. ಅಲ್ಲಿ ಅದರ ಹೆಸರು ವೈಚಿ, ಕೊರಿಯಾದಲ್ಲಿ ಬಾದುಕ್, ಜಪಾನಿನಲ್ಲಿ ಇಗೋ. ಕಲಿಯುವವರ ಮಟ್ಟವನ್ನು ಕ್ಯೂ ಎಂದು ಎಣಿಸುತ್ತಾರೆ, ಸಂಖ್ಯೆ ಇಳಿದಷ್ಟೂ ಆಟ ಬಲಿಯಿತು ಎಂದರ್ಥ. ಒಂದು ಕ್ಯೂ ದಾಟಿದರೆ ಡಾನ್.

ನಮ್ಮ ದೇವಸ್ಥಾನಗಳ ಜಗುಲಿಕಲ್ಲಿನ ಮೇಲೆ ಹುಲಿ-ಕುರಿ ಆಟದ ಮನೆ ಕೆತ್ತಿರುವುದನ್ನು ನೀವೆಲ್ಲ ನೋಡಿರುತ್ತೀರಿ. ಅಲ್ಲಿ ಹುಲಿ ಹಿಡಿದವನು ಹಾರಲೇಬೇಕು, ಕುರಿ ಹಿಡಿದವನು ಒತ್ತೊತ್ತಾಗಿ ನಿಂತು ದಾರಿ ಕಟ್ಟಲೇಬೇಕು. ಯಾರ ಸ್ವಭಾವ ಏನೆಂಬುದನ್ನು ಆಟವೇ ಹಂಚಿಬಿಟ್ಟಿರುತ್ತದೆ. ಗೋ ಹಲಗೆಯ ಮೇಲೆ ರಾಜನಿಲ್ಲ, ಆನೆಯಿಲ್ಲ, ಹುಲಿಯಿಲ್ಲ. ಎಲ್ಲ ಕಾಯಿಯೂ ಒಂದೇ ತೂಕ. ಹುಲಿಯಾಗುವುದೂ ಕುರಿಯಾಗುವುದೂ ಆಡುವವನ ಕೈಯಲ್ಲಿದೆ. ಈ ಆಟದವರ ಬಾಯಲ್ಲಿ ಶೈಲಿಯ ಮಾತು ಇಷ್ಟೊಂದು ಬರುವುದಕ್ಕೆ ಅದೇ ಕಾರಣವಿರಬೇಕು.

ನಾನು ಇದನ್ನು ಕಲಿತದ್ದು ತುಮಕೂರಿನಲ್ಲಿ, ಬ್ಯಾಂಕಿನ ಕೆಲಸದಲ್ಲಿದ್ದಾಗ. ಬಡಗಿಯಿಂದ ಒಂದು ಪ್ಲೈವುಡ್ ಹಲಗೆ ಮಾಡಿಸಿ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದೆವು. ಕಪ್ಪು ಕಾಯಿಗೆ ಹುಣಸೆಬೀಜ, ಬಿಳಿಗೆ ಒಣ ಅವರೆಕಾಳು. ಎಣಿಸಿ ಡಬ್ಬಿಗೆ ತುಂಬಿಟ್ಟಿದ್ದೆವು. ಮಳೆಗಾಲ ಮುಗಿಯುವುದರೊಳಗೆ ಬಿಳಿಯ ಪಡೆಗೆ ಹುಳ ಬಿತ್ತು. ಆಮೇಲೆ ದರ್ಜಿಯ ಅಂಗಡಿಯಿಂದ ಅಂಗಿಗುಂಡಿ ತಂದೆವು.

ನನ್ನ ಎದುರಾಳಿ ನಮ್ಮ ಶಾಖೆಯ ಕ್ಯಾಷಿಯರ್. ಹೋಟೆಲಿಗೆ ಹೋದರೆ ಇಡೀ ಮೇಜಿನ ಬಿಲ್ಲು ತಾನೇ ಕೊಡುವ, ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆಂದು ಹೊರಟರೆ ದಾರಿಯಲ್ಲಿ ಸಿಕ್ಕವರನ್ನೂ ಎಳೆದುಕೊಂಡು ಹೋಗುವ ಉದಾರಿ. ಹಲಗೆಯ ಮುಂದೆ ಕುಳಿತರೆ ಮಾತ್ರ ಜಿಪುಣಾಗ್ರೇಸರ. ನಾಲ್ಕೂ ಮೂಲೆಗಳನ್ನು ಬಾಚಿಕೊಂಡು, ಸಿಕ್ಕ ಜಾಗಕ್ಕೆ ಎರಡೆರಡು ಸುತ್ತು ಬೇಲಿ ಹಾಕಿ, ಒಂದೇ ಒಂದು ಕಾಯಿ ಸತ್ತರೂ ಸಂಜೆಯವರೆಗೆ ಮುಖ ಸಪ್ಪಗೆ ಮಾಡಿಕೊಂಡಿರುತ್ತಿದ್ದರು. ಆಟದಲ್ಲಿ ಮನುಷ್ಯನ ಗುಣ ಕಾಣುತ್ತದೆ ಎಂಬ ಮಾತನ್ನು ನಾನು ಅಂದಿನಿಂದ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಕಾಣುತ್ತದೆ, ನಿಜ. ಯಾವ ಗುಣ ಎಂಬುದು ಎದುರು ಕುಳಿತವನಿಗೆ ಗೊತ್ತಾಗುವುದಿಲ್ಲ. ಬೀದಿಯಲ್ಲಿ ತೋರಿಸದ ಗುಣವೇ ಹಲಗೆಯ ಮೇಲೆ ಬಂದು ಕುಳಿತಿರಬಹುದು.

ಇನ್ನು ನನ್ನ ಕಥೆ. ಎಂಟು ವರ್ಷ ನಾನು ನನ್ನ ಆಟವನ್ನು 'ಶಾಂತ ಶೈಲಿ' ಎಂದು ಕರೆದುಕೊಂಡಿದ್ದೆ. ಗಲಾಟೆಗೆ ಹೋಗುವವನಲ್ಲ, ಗಟ್ಟಿಯಾಗಿ ಜೋಡಿಸಿಕೊಂಡು ಕೊನೆಯ ಎಣಿಕೆಯಲ್ಲಿ ಗೆಲ್ಲುವವನು ಎಂಬ ಹೆಮ್ಮೆ. ಬೆಂಗಳೂರಿನಿಂದ ಬಂದಿದ್ದ ಒಬ್ಬರು, ನನಗಿಂತ ಎಷ್ಟೋ ಮೇಲಿನ ಆಟಗಾರರು, ನನ್ನ ಜೊತೆ ಮೂರು ಆಟ ಆಡಿ, ಮೂರನ್ನೂ ಗೆದ್ದು, ಕಾಫಿ ಕುಡಿಯುತ್ತ ಕೇಳಿದರು: "ನೀವು ಕೋ ಆಡುವುದೇ ಇಲ್ಲವಲ್ಲ, ಯಾಕೆ?"

ಕೋ ಎಂದರೆ ಒಬ್ಬರ ಒಂಟಿ ಕಾಯಿಯನ್ನು ಇನ್ನೊಬ್ಬರು ಹಿಡಿದು, ಅದೇ ಜಾಗದಲ್ಲಿ ಮತ್ತೆ ಇವರು ಹಿಡಿದು, ಹೀಗೆ ಮುಗಿಯದೆ ತಿರುಗಬಹುದಾದ ಸ್ಥಿತಿ. ತಕ್ಷಣ ತಿರುಗಿ ಹಿಡಿಯುವಂತಿಲ್ಲ ಎಂಬುದು ನಿಯಮ. ಮೊದಲು ಬೇರೆಲ್ಲಾದರೂ ಒಂದು ಬೆದರಿಕೆ ಹಾಕಬೇಕು, ಎದುರಾಳಿ ಅದಕ್ಕೆ ಉತ್ತರ ಕೊಟ್ಟರೆ ಆಮೇಲೆ ಹಿಡಿಯಬೇಕು. ಹಲಗೆಯ ಈ ತುದಿಯ ಜಗಳಕ್ಕೆ ಆ ತುದಿಯ ಸಾಲ ತೀರಿಸಬೇಕಾಗುತ್ತದೆ. ಅದನ್ನು ಲೆಕ್ಕ ಹಾಕಲು ನನಗೆ ಬರುತ್ತಿರಲಿಲ್ಲ. ಬಾರದ್ದನ್ನು ಬಾರದು ಎನ್ನುವ ಬದಲು ಕೋ ಹುಟ್ಟುವ ಸೂಚನೆ ಕಂಡ ಕಡೆಯೆಲ್ಲ ಒಂದು ಹೆಜ್ಜೆ ಹಿಂದೆ ಸರಿದು, ಸರಿದದ್ದಕ್ಕೆ ಶಾಂತಿ ಎಂದು ಹೆಸರಿಟ್ಟಿದ್ದೆ. ಹಳೆಯ ದಾಖಲೆಗಳನ್ನು ತೆಗೆದು ನೋಡಿದರೆ ಸಾಲಾಗಿ ನಲವತ್ತು ಆಟಗಳಲ್ಲಿ ಒಂದೇ ಒಂದು ಕೋ ಇಲ್ಲ. ನಲವತ್ತು ಆಟಗಳಲ್ಲಿ ಕೋ ಹುಟ್ಟದಿರುವುದು ಅಪರೂಪ. ಹುಟ್ಟುತ್ತಿದ್ದುದನ್ನು ನಾನೇ ಹೊಸಕುತ್ತಿದ್ದೆ.

ಆದ್ದರಿಂದ ನನ್ನ ಅಭಿಪ್ರಾಯ ಹೀಗೆ. ಆಟ ಬಲಿಯುವುದಕ್ಕೆ ಮುಂಚೆ ನಾವು ಶೈಲಿ ಎಂದು ಕರೆಯುವುದು ಬಹುಮಟ್ಟಿಗೆ ನಾವು ಇಡಲು ಹೆದರುವ ನಡೆಗಳ ಪಟ್ಟಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ, ಎಲ್ಲರಿಗೂ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಗೆ ಜರಿ ಹಚ್ಚಿ ಪೇಟ ಸುತ್ತಿದಾಗ ತೊಂದರೆ ಶುರುವಾಗುತ್ತದೆ. ನಿಜವಾದ ಶೈಲಿ ಕಾಣುವುದು ಎರಡು ನಡೆಗಳು ಸಮಸಮವಾಗಿದ್ದು, ಎರಡನ್ನೂ ಕೊನೆಯವರೆಗೆ ನಡೆಸುವ ಶಕ್ತಿ ನಿಮಗಿದ್ದು, ಆದರೂ ಕೈ ತಾನಾಗಿ ಒಂದರ ಕಡೆಗೆ ಹೋದಾಗ.

ತಿಪಟೂರಿನವರಿಗೆ ಇದನ್ನು ಹೇಳುವುದು ಸುಲಭ. ಜಾಗ ಮತ್ತು ಪ್ರಭಾವ ಎಂದು ಗೋ ಪುಸ್ತಕಗಳು ಎರಡು ದಾರಿ ಹೇಳುತ್ತವಲ್ಲ, ಅದು ಎಳನೀರು ಮತ್ತು ಕೊಬ್ಬರಿಯ ವ್ಯತ್ಯಾಸ. ಎಳೆಯದರಲ್ಲೇ ಕಿತ್ತು ಮಾರಿದವನಿಗೆ ಇವತ್ತೇ ಕಾಸು. ನಾಳೆಯ ಚಿಂತೆ ಇಲ್ಲ, ನಾಳೆಯ ಲಾಭವೂ ಇಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದವನು ಹತ್ತು ಹನ್ನೊಂದು ತಿಂಗಳು ಕಾಯಬೇಕು, ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಗಡಗಡ ಎನ್ನುವವರೆಗೆ. ಆ ಹೊತ್ತಿಗೆ ಧಾರಣೆ ಏರಿರಬಹುದು, ನೆಲ ಕಚ್ಚಿರಲೂಬಹುದು. ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಹಲಗೆಯಲ್ಲಿ ಮೂರನೆಯ ಗೆರೆ ಎಳನೀರು. ಅಂಚಿಗೆ ಹತ್ತಿರವಾದ್ದರಿಂದ ಹಲಗೆಯ ಅಂಚೇ ಅರ್ಧ ಬೇಲಿಯಾಗುತ್ತದೆ, ಜಾಗ ಬೇಗ ನಿಮ್ಮದಾಗುತ್ತದೆ. ನಾಲ್ಕನೆಯ ಗೆರೆ ಅಟ್ಟದ ಗೆರೆ. ಕೆಳಗೆ ಸಂದು ಇದೆ, ಕಳ್ಳ ನುಗ್ಗಬಹುದು. ನಡುಭಾಗದ ಕಡೆಗೆ ಮಾತ್ರ ಗೋಡೆಯ ನೆರಳು ಉದ್ದ ಬೀಳುತ್ತದೆ.

ಎರಡರಲ್ಲಿ ಯಾವುದು ಮೇಲು ಎಂದು ಈ ಆಟದ ಚರಿತ್ರೆಯಲ್ಲಿ ಯಾರೂ ತೀರ್ಪು ಕೊಟ್ಟಿಲ್ಲ. ಇದಕ್ಕೆ ನನಗೆ ಬಹಳ ಇಷ್ಟವಾದ ಸಾಕ್ಷಿ ಒಂದು ಮನೆ. ಜಪಾನಿನ ಹಿರತ್ಸುಕ ಎಂಬ ಊರಿನಲ್ಲಿ ಗೋ ಗುರು ಕಿತಾನಿ ಮಿನೊರು ಅವರ ಮನೆ. ಕಿತಾನಿ ಮತ್ತು ಅವರ ಗೆಳೆಯ ಗೋ ಸೇಗೆನ್ ಇಬ್ಬರೂ 1933ರ ಸುಮಾರಿಗೆ ಮೂಲೆಗಳ ಹಳೆಯ ಪಾಠವನ್ನೇ ತಲೆಕೆಳಗು ಮಾಡಿ, ನಡುಭಾಗಕ್ಕೆ ಬೆಲೆ ಕೊಡುವ ಹೊಸ ಆರಂಭಗಳನ್ನು ತಂದವರು. ಆ ವರ್ಷ ಗೋ ಸೇಗೆನ್ ಅವರು ಆಗಿನ ಹಿರಿಯ ಆಟಗಾರ ಹೊನಿನ್‌ಬೊ ಶೂಸಾಯ್ ಅವರ ಎದುರು ಆಡಿದ ಆಟದಲ್ಲಿ ಮೊದಲ ಕಾಯಿ ಮೂರು-ಮೂರು ಬಿಂದುವಿನಲ್ಲಿ (ಮೂಲೆಯ ಎರಡೂ ಅಂಚುಗಳಿಂದ ಮೂರನೆಯ ಗೆರೆಗಳು ಕೂಡುವ ಸಂಧಿ), ಎರಡನೆಯದು ಎದುರು ಮೂಲೆಯ ನಕ್ಷತ್ರದಲ್ಲಿ, ಮೂರನೆಯದು ಹಲಗೆಯ ನಟ್ಟನಡುವೆ. ಹಿರಿಯರ ಮುಂದೆ ಹಾಗೆ ಇಟ್ಟದ್ದೇ ದೊಡ್ಡ ರಂಪವಾಯಿತು. ಆಟವನ್ನು ಗೋ ಸೇಗೆನ್ ಎರಡು ಅಂಕಗಳಿಂದ ಸೋತರು. ಜನ ನೆನಪಿಟ್ಟುಕೊಂಡಿರುವುದು ಮಾತ್ರ ಆ ಮೂರು ಕಾಯಿಗಳನ್ನು. ಇಷ್ಟೆಲ್ಲ ಮಾಡಿದ ಕಿತಾನಿ ಮುಂದಿನ ವರ್ಷಗಳಲ್ಲಿ ತಾವೇ ಹಿಂದಿರುಗಿ, ಕೆಳಗಿನ ಗೆರೆಗಳಲ್ಲಿ ಜಾಗ ಹಿಡಿಯುವ ಬಿಗಿಯಾದ ಆಟಕ್ಕೆ ಬಂದರು. ಒಬ್ಬ ಮನುಷ್ಯನೇ ಒಂದು ಆಯುಸ್ಸಿನಲ್ಲಿ ಎಳನೀರನ್ನೂ ಕೊಬ್ಬರಿಯನ್ನೂ ಮಾರಿದಂತಾಯಿತು.

ಇನ್ನು ಅವರ ಮನೆಯಲ್ಲಿ ಬೆಳೆದ ಹುಡುಗರನ್ನು ನೋಡಿ. ನಿಮ್ಮ ತಾಕೆಮಿಯ 1951ರಲ್ಲಿ ಹುಟ್ಟಿದವರು, ಕೊಬಾಯಾಶಿ ಕೊಯಿಚಿ 1952ರಲ್ಲಿ. ಇಬ್ಬರೂ ಕಿತಾನಿಯವರ ಶಿಷ್ಯರು. ತಾಕೆಮಿಯ ನಡುಬಯಲಿಗೆ ಕೈ ಚಾಚುವವರು, ಅವರ ಆಟಕ್ಕೆ ಬ್ರಹ್ಮಾಂಡ ಶೈಲಿ ಎಂದೇ ಹೆಸರು. ಕೊಬಾಯಾಶಿ ಕಾಸಿಗೆ ಕಾಸು ಕೂಡಿಸುವ ವ್ಯವಹಾರಸ್ಥ. ಇಷಿದಾ ಯೊಷಿಯೊ ಅವರ ಎಣಿಕೆಯ ನಿಖರತೆಗೆ ಜನ ಅವರನ್ನು 'ಕಂಪ್ಯೂಟರ್' ಎಂದು ಕರೆದರು. ಕಾತೊ ಮಸಾವೊ ಗುಂಪುಗುಂಪಾಗಿ ಕಾಯಿ ಕೊಲ್ಲುವವರೆಂದು 'ಕೊಲೆಗಾರ'. 1962ರಲ್ಲಿ ಆರು ವರ್ಷದ ಹುಡುಗನಾಗಿ ಕೊರಿಯಾದಿಂದ ಬಂದ ಚೋ ಚಿಕುನ್ ಮೊದಲು ಜಾಗವೆಲ್ಲ ಬಾಚಿಕೊಂಡು, ಎದುರಾಳಿಯ ಬಯಲು ದೊಡ್ಡದಾದ ಮೇಲೆ ಅದರೊಳಗೆ ಒಂಟಿಯಾಗಿ ನುಗ್ಗಿ ಬದುಕಿ ಬರುವವರು. 1983ರಲ್ಲಿ ಜಪಾನಿನ ಮೂರು ಅತಿ ದೊಡ್ಡ ಪದವಿಗಳೂ ಒಟ್ಟಿಗೆ ಚೋ ಕೈಯಲ್ಲಿದ್ದವು. ತಾಕೆಮಿಯ ಆ ಮೂರರಲ್ಲಿ ಒಂದಾದ ಹೊನಿನ್‌ಬೊ ಪದವಿಯನ್ನು ಆರು ಬಾರಿ ಗೆದ್ದರು, 1988 ಮತ್ತು 1989ರಲ್ಲಿ ಫುಜಿತ್ಸು ಕಪ್ ಎಂಬ ಅಂತರರಾಷ್ಟ್ರೀಯ ಪಂದ್ಯಾವಳಿ ಗೆದ್ದರು. ಒಂದೇ ಮಡಕೆಯ ಅನ್ನ ಉಂಡವರು! ಗುರು ಶೈಲಿಯನ್ನು ಬಡಿಸಿದ್ದರೆ ಎಲ್ಲರ ಎಲೆಯಲ್ಲೂ ಅದೇ ಇರಬೇಕಿತ್ತು. ಅವರಿಗೆ ಅಲ್ಲಿ ಸಿಕ್ಕದ್ದು ಸಾಧನೆ. ಅದು ಬಲವಾದ ಮೇಲೆ ಒಬ್ಬೊಬ್ಬರ ಜಾಯಮಾನ ಒಂದೊಂದು ದಿಕ್ಕಿಗೆ ಚಿಗುರಿತು.

ಕೊರಿಯಾದಲ್ಲೂ ಹಾಗೇ. ಚೋ ಹುನ್-ಹ್ಯುನ್ ಮಿಂಚಿನ ಆಟಗಾರ, ಚುರುಕು, ಕತ್ತಿಯಂಚು. ಅವರ ಮನೆಯಲ್ಲೇ ಇದ್ದುಕೊಂಡು ಕಲಿತ ಶಿಷ್ಯ ಲೀ ಚಾಂಗ್-ಹೊ ಎಷ್ಟು ನಿಧಾನಿ ಎಂದರೆ 'ಕಲ್ಲು ಬುದ್ಧ' ಎಂಬ ಅಡ್ಡಹೆಸರು ಬಂತು. ಆಟದ ಕೊನೆಯ ಭಾಗದಲ್ಲಿ ಒಂದೊಂದೇ ಅಂಕ ಕೂಡಿಸಿ, ಅರ್ಧ ಅಂಕದಲ್ಲಿ ಗೆದ್ದು ಏಳುತ್ತಿದ್ದ. ಅವನು ಹದಿನಾಲ್ಕರ ವಯಸ್ಸಿನಲ್ಲಿ, 1990ರಲ್ಲಿ, ಗುರುವಿನ ಕೈಯಿಂದಲೇ ಒಂದು ಪ್ರಶಸ್ತಿ ಕಿತ್ತುಕೊಂಡ. ಇಷ್ಟು ಸಾಕು, ನಿಮ್ಮ ಆಟಕ್ಕೆ ಬರೋಣ.

ಮೊದಲನೆಯ ದಾಖಲೆ. ನೀವು ಕಪ್ಪು. ಬಲಬದಿಯಲ್ಲಿ ಯಥಾಪ್ರಕಾರ ಮೂರು ನಕ್ಷತ್ರಗಳು. ಬಿಳಿ ಮೇಲಿನ ಬಲಮೂಲೆಯ ಮೂರು-ಮೂರು ಬಿಂದುವಿಗೆ ನುಗ್ಗಿತು. ನೀವು ನಡುವಿನ ನಕ್ಷತ್ರ ಇರುವ ಕಡೆಯಿಂದ, ಅಂದರೆ ಬಲಬದಿಯನ್ನು ಉಳಿಸಿಕೊಳ್ಳುವಂತೆ, ಅಡ್ಡ ನಿಂತಿರಿ; ಬಿಳಿ ಮೇಲಂಚಿನ ಕಡೆಗೆ ಹರಿದು ಮೂಲೆಯಲ್ಲಿ ಸಣ್ಣದಾಗಿ ಬದುಕಿಕೊಂಡಿತು. ದಿಕ್ಕು ಸರಿ, ಗೋಡೆ ಚೆನ್ನಾಗಿ ಬಂದಿದೆ. 37ನೆಯ ನಡೆಯವರೆಗೆ ನಿಮ್ಮ ಬಲಬದಿಯ ಬಯಲು ಕಣ್ಣಿಗೆ ಹಬ್ಬ.

38ರಲ್ಲಿ ಬಿಳಿ ನಿಮ್ಮ ನಡುವಿನ ನಕ್ಷತ್ರಕ್ಕೂ ಕೆಳಗಿನ ನಕ್ಷತ್ರಕ್ಕೂ ಮಧ್ಯೆ ಒಂದು ಒಂಟಿ ಕಾಯಿ ಇಳಿಸಿತು. ದಾಖಲೆಯಲ್ಲಿ ಸಮಯವೂ ಇದೆ: ನೀವು ಎರಡೇ ಸೆಕೆಂಡಿನಲ್ಲಿ ಅದರ ತಲೆಗೆ ಅಂಟಿಸಿ ಕಾಯಿ ಇಟ್ಟಿದ್ದೀರಿ. ಹೊಲಕ್ಕೆ ದನ ನುಗ್ಗಿದರೆ ಕಲ್ಲು ತೆಗೆದುಕೊಂಡು ಓಡುವವನ ವೇಗ ಅದು. ಬಿಳಿ ಪಕ್ಕಕ್ಕೆ ಬಾಗಿತು, ನೀವು ಕತ್ತರಿಸಿದಿರಿ, ಅದು ಅಟಾರಿ (ಮುಂದಿನ ನಡೆಯಲ್ಲೇ ಹಿಡಿಯುವೆನೆಂಬ ಬೆದರಿಕೆ) ಕೊಟ್ಟು ಗಟ್ಟಿಯಾಯಿತು, ನೀವು ಇನ್ನೊಂದು ಕಡೆಯಿಂದ ಒತ್ತಿದಿರಿ. ಒತ್ತಿದಷ್ಟೂ ಅದಕ್ಕೆ ಆಕಾರ ಬಂತು. 55ನೆಯ ನಡೆಯ ಹೊತ್ತಿಗೆ ಬಿಳಿ ನಿಮ್ಮ ಬಯಲಿನ ನಡುವೆ ಎರಡು ಕಣ್ಣು (ಎದುರಾಳಿ ಮುಚ್ಚಲಾಗದ ಎರಡು ಖಾಲಿ ಜಾಗ) ಮಾಡಿಕೊಂಡು ಕಾಲು ಚಾಚಿ ಮಲಗಿದೆ. ಮೈಗೆ ಮೈ ತಾಗಿಸಿದರೆ ಇಬ್ಬರ ಕಾಯಿಯೂ ಬಲಿಯುತ್ತದೆ. ಹೊಡೆಯಬೇಕಾದ ಕಾಯಿಗೆ ಅಂಟಬಾರದು ಎಂಬುದು ಈ ಆಟದ ಬಾಲಪಾಠಗಳಲ್ಲಿ ಒಂದು. ಅದು ನಿಮಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಕೈ ಹಾಗೆ ಹೋಯಿತು, ನನ್ನ ಕುತೂಹಲ ಇರುವುದು ಅದರಲ್ಲಿ.

ಅಲ್ಲಿ ಇಡಬೇಕಾಗಿದ್ದದ್ದು ನಡುಭಾಗದ ಕಡೆಯಿಂದ, ಒಂದು ಸಂಧಿ ಬಿಟ್ಟು, ಮೇಲಿನಿಂದ ಮುಚ್ಚುವ ನಡೆ. ಜಪಾನಿ ಭಾಷೆಯಲ್ಲಿ ಇದಕ್ಕೆ ಬೋಶಿ ಎನ್ನುತ್ತಾರೆ, ಬೋಶಿ ಎಂದರೆ ಟೋಪಿ. ನಮ್ಮಲ್ಲಿ ಟೋಪಿ ಹಾಕುವುದು ಬೇರೆಯದೇ ವಿದ್ಯೆ, ಇರಲಿ. ಟೋಪಿ ಹಾಕಿಸಿಕೊಂಡ ಬಿಳಿ ಅಂಚಿಗೆ ಕುಸಿದು ಸಣ್ಣದಾಗಿ ಬದುಕಬೇಕು, ಇಲ್ಲವೇ ಸಂದಿಯಿಂದ ಹೊರಗೆ ಓಡಬೇಕು. ಸಣ್ಣದಾಗಿ ಬದುಕಿದರೆ ಹೊರಗಿನ ಗೋಡೆಯೆಲ್ಲ ನಿಮ್ಮದು. ಓಡಿದರೆ ಇನ್ನೂ ಒಳ್ಳೆಯದು. ಹಿಂದೆ ಹಿಂದೆ ನಡೆಯುತ್ತ ಕೆಳಬದಿಯಲ್ಲಿ ಬೇಲಿ ಹಾಕುತ್ತ ಹೋಗಬಹುದು. ತಾಕೆಮಿಯ ಆಟದಲ್ಲಿ ನೀವು ನೋಡಿ ಮರುಳಾದದ್ದು ಬಯಲಿನ ಅಂದ. ಆ ಬಯಲು ದುಡಿಯುವುದು ಹೀಗೆ: ಯಾರಾದರೂ ಒಳಗೆ ಬರಲಿ ಎಂದು ಕಾದು, ಬಂದವರನ್ನು ಅಟ್ಟಿಕೊಂಡು ಹೋಗುತ್ತ ದಾರಿಯಲ್ಲಿ ಲಾಭ ಮಾಡಿಕೊಳ್ಳುವುದು. ಬಂದವರನ್ನು ಕೊಲ್ಲಲೇಬೇಕೆಂದಿಲ್ಲ. ಅಟ್ಟಿಸಿಕೊಂಡು ಹೋಗುವಾಗ ಇಪ್ಪತ್ತು ನಡೆ ಮುಂದಕ್ಕೆ ಓದುವ ಕಣ್ಣು ಬೇಕು, ತಾಕೆಮಿಯ ಅವರಿಗೆ ಅದಿತ್ತು. ನೀವು ಪೋಷಾಕು ತಂದಿದ್ದೀರಿ, ಮಾತುಗಳನ್ನು ಬಾಯಿಪಾಠ ಮಾಡಿಲ್ಲ.

ನಿಮ್ಮ ಎರಡು ಸೆಕೆಂಡಿನ ಅರ್ಥ ನನಗೆ ಹೊಳೆದದ್ದು ಹೀಗೆ. 37ನೆಯ ನಡೆಗೆ ಆ ಬಲಬದಿ ನಿಮ್ಮ ಪಾಲಿಗೆ ಸ್ವಂತ ಹೊಲ ಆಗಿಬಿಟ್ಟಿತ್ತು. ವಾಸ್ತವದಲ್ಲಿ ಅದು ಇನ್ನೂ ಗೋಮಾಳ. ಪಹಣಿ ನಿಮ್ಮ ಹೆಸರಿಗೆ ಬಂದಿರಲಿಲ್ಲ. ಗೋಮಾಳದಲ್ಲಿ ಬೇರೆಯವರ ದನ ಕಂಡರೆ ಇಷ್ಟು ಸಿಟ್ಟು ಬರುವವರು ಬ್ರಹ್ಮಾಂಡ ಶೈಲಿಯವರಲ್ಲ. ನಿಮಗೆ ಜಾಗ ಬೇಕು, ಗಟ್ಟಿಯಾಗಿ ಬೇಕು, ಈಗಲೇ ಬೇಕು. ಅಂದರೆ ನೀವು ಎಳನೀರಿನ ಮನುಷ್ಯ, ಅಟ್ಟ ಹತ್ತಿ ಕುಳಿತಿದ್ದೀರಿ. ನಿಮ್ಮ ಭಾವನಿಗೆ ಶೋಕಿಯಾಗಿ ಕಂಡದ್ದು ಈ ಹೊಂದಾಣಿಕೆ ಇಲ್ಲದಿರುವಿಕೆ ಎಂದು ನನ್ನ ಊಹೆ.

ಈಗ ಯಂತ್ರದ ಮಾತು. 2016ರ ಮಾರ್ಚ್‌ನಲ್ಲಿ ಸಿಯೋಲ್‌ನಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ಕೊರಿಯಾದ ಆಟಗಾರ ಲೀ ಸೆಡೋಲ್ ಅವರನ್ನು 4-1ರಲ್ಲಿ ಸೋಲಿಸಿದ ಮೇಲೆ ಗೋ ಲೋಕದ ಗಾಳಿಯೇ ಬದಲಾಯಿತು. ಎರಡನೆಯ ಆಟದಲ್ಲಿ ಅದು ಐದನೆಯ ಗೆರೆಯಲ್ಲಿ ಇಟ್ಟ 37ನೆಯ ನಡೆಯನ್ನು ಮನುಷ್ಯರು ಮೊದಲು ತಪ್ಪು ಎಂದುಕೊಂಡರು. ನಾಲ್ಕನೆಯ ಆಟದಲ್ಲಿ ಲೀ 78ನೆಯ ನಡೆಯಿಂದ ಅದನ್ನು ಕೆಡವಿದ್ದು ನನ್ನಂಥವರಿಗೆ ಇವತ್ತಿಗೂ ಕಣ್ಣು ತೇವವಾಗಿಸುವ ವಿಷಯ. ಆಮೇಲೆ ಬಂದ ಕಾಟಾಗೋದಂತಹ ಉಚಿತ ಪ್ರೋಗ್ರಾಂಗಳು ನಮ್ಮ ನಿಮ್ಮ ಮೊಬೈಲಿಗೂ ಬಂದವು. ವೃತ್ತಿಪರರ ಆರಂಭಗಳು ಒಂದರಂತೆ ಒಂದು ಕಾಣತೊಡಗಿದ್ದು ನಿಜ. ಆಟದ ಶುರುವಿನಲ್ಲೇ ಮೂರು-ಮೂರಕ್ಕೆ ನುಗ್ಗುವುದನ್ನು ಹಿಂದೆ ಗುರುಗಳು ಬೈಯುತ್ತಿದ್ದರು, ಈಗ ಮಕ್ಕಳೂ ನುಗ್ಗುತ್ತಾರೆ. ನುಗ್ಗಿದವನು ಹೊರಗಿನ ಗೋಡೆಯನ್ನು ಗಟ್ಟಿ ಮಾಡುವ ನಡೆಗಳನ್ನು ಆಡದೆ ಹಾಗೇ ಬಿಟ್ಟು ಬೇರೆ ಕಡೆ ಹೋಗಬಹುದು ಎಂದು ಯಂತ್ರ ತೋರಿಸಿಕೊಟ್ಟಿತು, ಗೋಡೆಯ ಬೆಲೆ ಅಷ್ಟರಮಟ್ಟಿಗೆ ಇಳಿಯಿತು. ಕೊರಿಯಾದ ಶಿನ್ ಜಿನ್‌ಸೊ ಅವರ ಹೆಸರನ್ನು ಕೃತಕ ಬುದ್ಧಿಮತ್ತೆ ಎಂಬ ಪದದ ಜೊತೆ ಹೆಣೆದು ಅಭಿಮಾನಿಗಳು ಅಡ್ಡಹೆಸರು ಕಟ್ಟಿದ್ದಾರೆ, ಅವರ ನಡೆಗಳು ಯಂತ್ರದ ನಡೆಗಳನ್ನು ಅಷ್ಟು ಹೋಲುತ್ತವೆಂದು.

ಆದರೂ ನೀವು ಕಳಿಸಿದ ಕಡತದಲ್ಲೇ ಒಂದು ಲೆಕ್ಕ ಇದೆ, ಮಂಡಿಯವರ ಕಣ್ಣಿಗೆ ಅದು ತಪ್ಪಬಾರದಿತ್ತು. ನಿಮ್ಮ ಮೂರು ನಕ್ಷತ್ರದ ಆರಂಭಕ್ಕೆ ಯಂತ್ರ ಕಡಿತ ಮಾಡಿರುವುದು ಒಂದೆರಡು ಅಂಕದೊಳಗೆ. 39ನೆಯ ನಡೆಗೆ, ಆ ಎರಡು ಸೆಕೆಂಡಿನ ನಡೆಗೆ, ಹದಿನಾಲ್ಕು ಅಂಕ. ಶೈಲಿಗೆ ಬಿದ್ದ ದಂಡ ಚಿಲ್ಲರೆ, ಕಣ್ಣು ಕಾಣದ್ದಕ್ಕೆ ಬಿದ್ದ ದಂಡ ನೋಟು. ಹತ್ತು ಕ್ಯೂ ಮಟ್ಟದಲ್ಲಿ ಯಾರೂ ಶೈಲಿಯಿಂದ ಸೋಲುವುದಿಲ್ಲ, ಗೆಲ್ಲುವುದೂ ಇಲ್ಲ. ಆರಂಭದಲ್ಲಿ ಯಂತ್ರದ ಪಟ್ಟಿಯನ್ನು ಸರಿಯಾಗಿ ನೋಡಿ: ನಾಲ್ಕೈದು ನಡೆಗಳು ಅರ್ಧ ಅಂಕದ ಆಸುಪಾಸಿನಲ್ಲೇ ಕುಳಿತಿರುತ್ತವೆ. ನೀಲಿ ಬಣ್ಣದ್ದು ಮೊದಲನೆಯದು ಎಂದು ನೀವು ಅದನ್ನೇ ನೋಡುತ್ತೀರಿ. ಉಳಿದ ನಾಲ್ಕರಲ್ಲಿ ನಿಮಗೆ ಮುಂದಿನ ದಾರಿ ಕಾಣುವುದು ಯಾವುದು ಎಂದು ಕೇಳಿಕೊಂಡಿದ್ದರೆ ಶೈಲಿಗೆ ಅಲ್ಲಿ ಬೇಕಾದಷ್ಟು ಜಾಗವಿತ್ತು.

ಮಾಡುವುದೇನು? ಮುಂದಿನ ಮೂವತ್ತು ಆಟ ಮೂರು ನಕ್ಷತ್ರ ಮುಟ್ಟಬೇಡಿ. ಮೂಲೆ ಹಿಡಿಯಿರಿ, ಮೂರನೆಯ ಗೆರೆಯಲ್ಲಿ ನಡೆಯಿರಿ, ಎದುರಾಳಿ ಬಯಲು ಕಟ್ಟಿದರೆ ಒಳಗೆ ನುಗ್ಗಿ. ದನವಾಗಿ ನೋಡಿದವನಿಗೆ ಗೋಮಾಳ ಏನೆಂದು ಬೇಗ ತಿಳಿಯುತ್ತದೆ. ಒಂದು ಭಾನುವಾರ ನೀವು ಭಾವನಂತೆ ಆಡಿ, ಅವರು ನಿಮ್ಮಂತೆ ಆಡಲಿ. ನಗು ಗ್ಯಾರಂಟಿ, ಪಾಠ ಅದಕ್ಕಿಂತ ಹೆಚ್ಚು. ಮಂಡಿಯಲ್ಲಿ ವಹಿವಾಟು ಮಂದವಿರುವ ಹೊತ್ತಿನಲ್ಲಿ ಕಾಯಿಗಳ ಸಾವು-ಬದುಕಿನ ಸಮಸ್ಯೆಗಳನ್ನು ದಿನಕ್ಕೆ ಹತ್ತು ಬಿಡಿಸಿ, ಸುಲಭದವೇ ಸಾಕು. ಯಂತ್ರಕ್ಕೆ ಹಾಕುವ ಮುಂಚೆ ಈ ಆಟ ಎಲ್ಲಿ ಕೆಟ್ಟಿತು ಎಂದು ನಿಮ್ಮ ಊಹೆಯನ್ನು ಬರೆದಿಡಿ. ಬರೆಯದೆ ಯಂತ್ರ ತೆರೆದರೆ ಅದು ಹೇಳಿದ್ದೆಲ್ಲ ನಿಮಗೂ ಮೊದಲೇ ಗೊತ್ತಿತ್ತು ಎನಿಸಿಬಿಡುತ್ತದೆ, ನನಗೆ ಹಾಗೆ ಎಷ್ಟೋ ಸಲ ಆಗಿದೆ. ಇನ್ನೊಂದು ಹಾಳೆಯಲ್ಲಿ, ಹೊಳೆದಾಗ ಹೊಳೆದಷ್ಟು, ನೀವು ಎಂದೂ ಇಡದ ನಡೆಗಳನ್ನು ಬರೆಯುತ್ತ ಬನ್ನಿ. ನನ್ನ ಹಾಳೆಯಲ್ಲಿ ಮೊದಲ ಸಾಲು ಕೋ. ನಿಮ್ಮದರಲ್ಲಿ ಟೋಪಿ ಇರಬಹುದು, ಅಥವಾ ಸುಮ್ಮನೆ ಬೇರೆ ಕಡೆ ಆಡುವುದು ಇರಬಹುದು. ಮೂವತ್ತು ಆಟ ಮುಗಿದ ಮೇಲೂ ಮೂರು ನಕ್ಷತ್ರ ಕೈ ಬೀಸಿ ಕರೆದರೆ ಧಾರಾಳವಾಗಿ ಹೋಗಿ.

ಇಷ್ಟು ಬರೆದು ಮುಗಿಸುವವನಿದ್ದೆ, ಎರಡನೆಯ ದಾಖಲೆ ತೆರೆದೆ. ನಿಮ್ಮ ಬಗ್ಗೆ ಮೇಲೆ ಹೇಳಿದ ತೀರ್ಮಾನ ಅಲ್ಲಿ ಕೊಂಚ ಅಲುಗಿತು. ಈ ಆಟದಲ್ಲಿ ನೀವು ಬಿಳಿ. ಕೆಳಗಿನ ಎಡಮೂಲೆಯಲ್ಲಿ ನಿಮ್ಮ ನಾಲ್ಕು ಕಾಯಿಗಳಿಗೆ ಉಸಿರು ಕಡಿಮೆಯಾಗಿತ್ತು. ಎಳೆದರೆ ಬದುಕುತ್ತಿದ್ದವು, ಕೆಳಗಿನ ಗೆರೆಯಲ್ಲಿ ತೆವಳುತ್ತ. ಎಳನೀರಿನವನು ಎಳೆಯಬೇಕಿತ್ತು. 64ನೆಯ ನಡೆಯಲ್ಲಿ ನೀವು ಹೊರಗಿನಿಂದ ಒಂದು ಅಟಾರಿ ಕೊಟ್ಟು ನಾಲ್ಕನ್ನೂ ಬಿಟ್ಟುಬಿಟ್ಟಿರಿ. ಕಪ್ಪು ಅವುಗಳನ್ನು ಎತ್ತಿಕೊಳ್ಳುವಷ್ಟರಲ್ಲಿ ನಿಮಗೆ ಎಡಬದಿಯುದ್ದಕ್ಕೂ ಗೋಡೆ ಬಂತು, ಸರದಿಯೂ ನಿಮ್ಮದೇ ಆಯಿತು. ಯಂತ್ರದ ಪಟ್ಟಿಯಲ್ಲಿ ಅದು ಎರಡನೆಯದು, ಮೊದಲನೆಯದಕ್ಕಿಂತ ಅರ್ಧ ಅಂಕ ಕಡಿಮೆ. ತಾಕೆಮಿಯ ಆಟಗಳಿಂದ ಎತ್ತಿದ ನಡೆ ಅದಲ್ಲ. ಭಾವನದ್ದೂ ಆಗಿರಲಾರದು, ನೀವು ಬರೆದಿರುವುದನ್ನು ನೋಡಿದರೆ ಅವರು ಒಂದು ಕಾಯಿಯನ್ನೂ ಬಿಟ್ಟುಕೊಡುವವರಲ್ಲ. ಆ ನಡೆಗೆ ಮುಂಚೆ ನೀವು ನಾಲ್ಕು ನಿಮಿಷ ಸುಮ್ಮನೆ ಕುಳಿತಿದ್ದೀರಿ ಎಂದು ದಾಖಲೆ ಹೇಳುತ್ತದೆ. ಆ ನಾಲ್ಕು ನಿಮಿಷ ಹಲಗೆಯ ಯಾವ ಭಾಗವನ್ನು ನೋಡುತ್ತಿದ್ದಿರಿ ಎಂಬುದನ್ನು ಮುಂದಿನ ಪತ್ರದಲ್ಲಿ ತಪ್ಪದೆ ಬರೆಯಿರಿ.